ಮೇಲಕ್ಕೆ ಹೋಗುವ ದಾರಿ

ಈ ಪ್ರವಾಸಕ್ಕೆ ಕಾರಣ ಒಂದು ಸಣ್ಣ ಲೆಕ್ಕ. ಬೆಟ್ಟ ಹತ್ತುತ್ತಾ ಹೋದರೆ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗುತ್ತದೆ. ಹಾಗಾದರೆ ಭೂಮಿ ಒಂದು ಡಿಗ್ರಿ ಬಿಸಿಯಾದಾಗ, ತನಗೆ ಒಗ್ಗಿದ ತಂಪನ್ನೇ ಹುಡುಕುವ ಜೀವಿ ಸುಮಾರು ನೂರೈವತ್ತು ಮೀಟರ್ ಮೇಲಕ್ಕೆ ಹೋಗಬೇಕು. ಹಕ್ಕಿಗೆ ಅದು ಒಂದು ಬೆಳಗಿನ ಹಾರಾಟ. ಮರಕ್ಕೋ, ಕಾಲಿಲ್ಲ. ಅದರ ಬೀಜವನ್ನು ಯಾರಾದರೂ ಹೊತ್ತೊಯ್ಯಬೇಕು, ಆ ಬೀಜ ಮೊಳೆತು ಮರವಾಗಬೇಕು, ಆ ಮರದ ಬೀಜವನ್ನು ಮತ್ತೊಬ್ಬರು ಇನ್ನೂ ಮೇಲಕ್ಕೆ ಒಯ್ಯಬೇಕು. ನಡುವೆ ರಸ್ತೆ, ಬೇಲಿ, ತೋಟ, ಅಣೆಕಟ್ಟು ಅಡ್ಡ ಬಂದರೆ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ.

ಎತ್ತರದ ಹುಲ್ಲುಗಾವಲುಗಳ ಅಧ್ಯಯನ ಮಾಡುವ ಗೆಳೆಯನೊಬ್ಬ ಏಪ್ರಿಲ್ ಮೊದಲ ವಾರದಲ್ಲಿ ಬಂಡೀಪುರದಿಂದ ಕೇರಳದ ಆನೆಮುಡಿ ಶಿಖರದ ತಪ್ಪಲಿನವರೆಗೆ ಹೊರಟಿದ್ದ. ದಾರಿಯುದ್ದಕ್ಕೂ ಅಲ್ಲಲ್ಲಿ ಅವನು ಇಟ್ಟಿದ್ದ ತಾಪಮಾಪಕಗಳ ದಾಖಲೆ ತೆಗೆಯಬೇಕಿತ್ತು. ಅನುಮತಿ ಪತ್ರದಲ್ಲಿ ಸಹಾಯಕನೆಂದು ನನ್ನ ಹೆಸರು ಸೇರಿಸಿಕೊಂಡ. ಬರೆದುಕೊಳ್ಳುವ ಕೆಲಸ ನನ್ನದು.

ಮೊದಲ ದಿನ: ಬಂಡೀಪುರ

ಏಪ್ರಿಲಿನ ಬಂಡೀಪುರಕ್ಕೆ ಬೂದಿಯ ಬಣ್ಣ. ತೇಗ, ದಿಂಡಿಗ, ಮತ್ತಿ ಎಲ್ಲವೂ ಎಲೆ ಕಳಚಿ ನಿಂತಿದ್ದವು. ಅವುಗಳ ಬುಡದಲ್ಲಿ ಆಳೆತ್ತರಕ್ಕೆ ಒಣಗಿದ ಲಂಟಾನದ ಪೊದೆ. ಒಳಗೆ ಜಿಂಕೆ ನುಗ್ಗಲಾರದು, ಹುಲ್ಲು ಏಳಲಾರದು. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದದ ಹೂವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿ ಕಾಡುಗಳ ಶೇ. 40ಕ್ಕೂ ಹೆಚ್ಚು ಭಾಗದಲ್ಲಿ ಈಗ ಅದರದೇ ಕಾರುಬಾರು.

ಹವಾಮಾನಕ್ಕೂ ಲಂಟಾನಕ್ಕೂ ನಂಟು ಬೆಂಕಿಯ ಮೂಲಕ. ಬೇಸಿಗೆ ಉದ್ದವಾಗಿ, ನೆಲದ ಪಸೆ ಬೇಗ ಆರಿದಷ್ಟೂ ಕಾಡು ಉರಿಯಲು ಕಾಯುತ್ತಿರುತ್ತದೆ. ಹುಲ್ಲಿನ ಬೆಂಕಿ ಮೊಣಕಾಲೆತ್ತರ ಸುಟ್ಟು ಮುಂದೆ ಹೋಗುತ್ತದೆ, ಮರದ ತೊಗಟೆ ತಡೆದುಕೊಳ್ಳುತ್ತದೆ. ಲಂಟಾನ ಇದ್ದಲ್ಲಿ ಅದೇ ಬೆಂಕಿಗೆ ಏಣಿ ಸಿಕ್ಕಂತೆ. ಕೊಂಬೆಯ ಮೇಲೆ ಕೊಂಬೆ ಹಿಡಿದು ನೆತ್ತಿಗೇ ಏರುತ್ತದೆ. 2019ರ ಫೆಬ್ರವರಿಯಲ್ಲಿ ಇದೇ ಬಂಡೀಪುರದಲ್ಲಿ ಸಾವಿರಾರು ಎಕರೆ ಹೊತ್ತಿ ಉರಿದದ್ದನ್ನು ಟಿ.ವಿ.ಯಲ್ಲಿ ನೋಡಿದ ನೆನಪು ನನಗಿನ್ನೂ ಆರಿಲ್ಲ.

ನಮ್ಮ ಜೊತೆಗೆ ಬಂದವರು ಐವತ್ತು ದಾಟಿದ ಸೋಲಿಗ ವಾಚರ್. ಲಂಟಾನ ತೆಗೆದ ಒಂದು ತಾಕಿಗೆ ಕರೆದೊಯ್ದರು. ನಾನು ಉಳಿದಿದ್ದ ಒಂದು ಕಾಂಡವನ್ನು ಮುರಿಯಲು ಹೋದೆ.

"ಮೇಲಿಂದ ಮುರುದ್ರೆ ಅದು ಸಾಯಕಿಲ್ಲ ಸಾ, ಒಂದಕ್ಕೆ ಹತ್ತು ಚಿಗುರ್ತದೆ," ಎಂದರು. "ನೆಲದಿಂದ ಮೂರು ಬೆರಳು ಕೆಳೀಕೆ ತಾಯಿಬೇರು ಕಡೀಬೇಕು. ಆಮೇಲೆ ಬೇರು ಮೇಲ್ಕ ಮಾಡಿ ಮಗುಚಿ ಹಾಕ್ಬೇಕು."

ಗುದ್ದಲಿಯ ಎರಡೇ ಏಟಿಗೆ ಮಾಡಿಯೂ ತೋರಿಸಿದರು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರು ರೂಪಿಸಿದ ವಿಧಾನವೂ ಇದೇ. ಚಿಗುರುವ ಕಣ್ಣುಗಳೆಲ್ಲ ಬೇರು-ಕಾಂಡ ಸೇರುವಲ್ಲಿ ಇರುವುದರಿಂದ ಅದರ ಕೆಳಗೆ ಕತ್ತರಿಸಬೇಕು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುತ್ತಲೇ ಇರುತ್ತವೆ. ಮೂರ್ನಾಲ್ಕು ವರ್ಷ ಸಸಿ ಕೀಳುತ್ತಲೇ ಇರಬೇಕು, ಖಾಲಿಯಾದ ಜಾಗದಲ್ಲಿ ಸ್ಥಳೀಯ ಹುಲ್ಲು ಬಿತ್ತಬೇಕು. ಒಂದೇ ವರ್ಷ ತೆಗೆದು ಫೋಟೊ ಹೊಡೆಸಿಕೊಂಡ ಜಾಗಗಳಲ್ಲಿ ಲಂಟಾನ ಮೊದಲಿಗಿಂತ ದಟ್ಟವಾಗಿ ಬಂದಿರುವುದನ್ನು ಗೆಳೆಯ ಕಂಡಿದ್ದಾನೆ.

ಹಿರಿಯರು ಇನ್ನೊಂದು ಮಾತು ಹೇಳಿದರು. ಅವರ ಅಜ್ಜನ ಕಾಲದಲ್ಲಿ ಚಳಿ ಇರುವಾಗಲೇ, ಇಬ್ಬನಿಯ ಪಸೆ ಆರುವ ಮೊದಲೇ 'ತರಗು ಬೆಂಕಿ' ಹಾಕುತ್ತಿದ್ದರಂತೆ. ತರಗೆಲೆಯಷ್ಟೇ ಸುಟ್ಟು ತಾನಾಗಿ ಆರುವ ಬೆಂಕಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸಂಶೋಧಕರಿಗೆ ಇದನ್ನೇ ಹೇಳುತ್ತಾ ಬಂದಿದ್ದಾರೆ. ಆ ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು ಎಂಬುದು ಅವರ ಕಾಣ್ಕೆ. ಬೇಸಿಗೆಯ ಮಹಾಬೆಂಕಿಗೂ ಮಾಗಿಯ ಚಿಕ್ಕ ಬೆಂಕಿಗೂ ವ್ಯತ್ಯಾಸ ಕಾಣದೆ ಎರಡನ್ನೂ ಒಂದೇ ಕಾನೂನಿನಡಿ ತಂದದ್ದು ದೊಡ್ಡ ತಪ್ಪೆಂದು ನನಗನ್ನಿಸುತ್ತದೆ.

ಸಂಜೆ ಒಂದು ಕೆರೆಯ ಬಳಿ ನಿಂತೆವು. ಸೌರ ಫಲಕದ ಪಂಪು ಕೊಳವೆಬಾವಿಯಿಂದ ನೀರೆತ್ತಿ ಸುರಿಯುತ್ತಿತ್ತು. ಎಂಟು ಆನೆ ಬಂದವು. ಕಣ್ಣಿಗೆ ಹಬ್ಬ ನಿಜ, ಆದರೆ ಗೆಳೆಯನಿಗೆ ಅಷ್ಟು ಸಮಾಧಾನವಿಲ್ಲ. ಇಲ್ಲಿನ ಆನೆಗಳು ಬೇಸಿಗೆಯಲ್ಲಿ ಬಂಡೀಪುರ, ಮುದುಮಲೈ, ವಯನಾಡುಗಳಿಂದ ಕಬಿನಿಯ ಹಿನ್ನೀರಿಗೆ ಇಳಿಯುತ್ತವೆ. ನೀರು ಹುಡುಕಿ ನಡೆಯುವುದು ಅವುಗಳ ಬದುಕಿನ ಕ್ರಮ. ಪ್ರತಿ ಎರಡು ಮೈಲಿಗೊಂದು ತೊಟ್ಟಿ ತುಂಬಿಸಿಟ್ಟರೆ ಆ ನಡಿಗೆ ನಿಲ್ಲುತ್ತದೆ. ಪ್ರಾಣಿಗಳೆಲ್ಲ ಒಂದೇ ಕಡೆ ಸೇರಿ ಸುತ್ತಲಿನ ಸೊಪ್ಪು ಬರಿದಾಗುತ್ತದೆ, ರೋಗವೂ ಹರಡುತ್ತದೆ. ಮಳೆ ಕೈಕೊಟ್ಟ ವರ್ಷಕ್ಕೆ ಪಂಪು ಬೇಕು, ಅದು ಔಷಧ. ಔಷಧವನ್ನೇ ದಿನದ ಊಟ ಮಾಡಿಕೊಳ್ಳಬಾರದು.

ರಾತ್ರಿ ಒಂಬತ್ತಕ್ಕೆ ಹೆದ್ದಾರಿಯ ಗೇಟು ಬಿತ್ತು. 2009ರಿಂದ ಬೆಳಗಿನ ಆರರವರೆಗೆ ಇಲ್ಲಿ ವಾಹನ ನಿಷೇಧ. ಗೇಟು ಬಿದ್ದು ಹತ್ತು ನಿಮಿಷಕ್ಕೆ ದೂರದಲ್ಲಿ ಕಡವೆ ಕೂಗಿದ್ದು ಕೇಳಿಸಿತು. ಆ ಒಂಬತ್ತು ಗಂಟೆ ರಸ್ತೆಯೂ ಕಾಡೇ.

ಎರಡನೇ ದಿನ: ಸೀಗೂರು, ಕಲ್ಲಟ್ಟಿ ಘಾಟಿ

ಮುದುಮಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ತಂಡ 1988ರಲ್ಲಿ 50 ಹೆಕ್ಟೇರಿನ ಒಂದು ತಾಕು ಗುರುತಿಸಿ ಅದರೊಳಗಿನ ಮರಗಿಡಗಳಿಗೆಲ್ಲ ಸಂಖ್ಯೆ ಕೊಟ್ಟು ಲೆಕ್ಕ ಇಡತೊಡಗಿತು. ಬರ, ಬೆಂಕಿ, ಆನೆ ಇವುಗಳಲ್ಲಿ ಯಾವುದು ಯಾವ ಮರವನ್ನು ಕೊಲ್ಲುತ್ತದೆ, ಯಾವುದು ಮತ್ತೆ ಚಿಗುರುತ್ತದೆ ಎಂದು ಹೇಳಲು ಮೂರು ದಶಕದ ಇಂಥ ದಾಖಲೆ ಬೇಕು. ಹವಾಮಾನದ ವಿಷಯದಲ್ಲಿ ಐದು ವರ್ಷದ ಲೆಕ್ಕ ನೆಚ್ಚಿಕೊಂಡವರು ಮೋಸ ಹೋಗುತ್ತಾರೆ.

ರಸ್ತೆ ಬದಿಯಲ್ಲಿ ಹಳದಿ ಹೂವಿನ ಸೆನ್ನ ಮರಗಳು ಸಾಲು ಸಾಲಾಗಿ ಸಿಕ್ಕವು. ಇವೂ ಹೊರಗಿನವೇ, ಲಂಟಾನಕ್ಕಿಂತ ಬೇಗ ಬೆಳೆಯುತ್ತವೆ. ಈಗ ಕಡಿದು ಕಾಗದದ ಕಾರ್ಖಾನೆಗೆ ಸಾಗಿಸುತ್ತಿದ್ದಾರೆ. ಒಳ್ಳೆಯದೇ.

ಮಸಿನಗುಡಿ ದಾಟಿದರೆ ಸೀಗೂರು ಪ್ರಸ್ಥಭೂಮಿ. ಎಡಕ್ಕೆ ಮೋಯಾರ್ ಕಮರಿ, ಬಲಕ್ಕೆ ಗೋಡೆಯಂತೆ ಎದ್ದ ನೀಲಗಿರಿ. ನಡುವಿನ ಈ ಪಟ್ಟಿಯಲ್ಲೇ ಆನೆಗಳು ಪಶ್ಚಿಮ ಘಟ್ಟದಿಂದ ಸತ್ಯಮಂಗಲದ ಕಡೆಗೆ, ಪೂರ್ವ ಘಟ್ಟದ ಕಡೆಗೆ ದಾಟಬೇಕು. ಈ ದಾರಿಯ ಮೇಲೆ ರೆಸಾರ್ಟುಗಳೆದ್ದವು, ವಿದ್ಯುತ್ ಬೇಲಿಗಳೆದ್ದವು. 2010ರಲ್ಲಿ ತಮಿಳುನಾಡು ಸರ್ಕಾರ ಇದನ್ನು ಆನೆ ಪಥವೆಂದು ಘೋಷಿಸಿತು, ಹತ್ತು ವರ್ಷದ ಮೊಕದ್ದಮೆಯ ನಂತರ 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ಘೋಷಣೆಯನ್ನು ಎತ್ತಿಹಿಡಿಯಿತು. ಬರ ಬಿದ್ದ ವರ್ಷ ಆನೆ ಹೋಗಬೇಕಾದ ಕಡೆ ಹೋಗಲು ಒಂದು ನ್ಯಾಯಾಲಯದ ತೀರ್ಪು ಬೇಕಾಯಿತು. ಕೊನೆಗೂ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲೇ ಘಾಟಿ ಹತ್ತಿದೆವು.

ಕಲ್ಲಟ್ಟಿಯ ಮೂವತ್ತಾರು ತಿರುವು. ಕೆಳಗೆ ಹೊರಟಾಗ ತಾಪಮಾಪಕ 34 ತೋರಿಸುತ್ತಿತ್ತು, ಊಟಿ ಸೇರುವಾಗ 22. ಮುಳ್ಳುಕುರುಚಲು ಮುಗಿದು ಎಲೆಯುದುರುವ ಕಾಡು, ಅದು ಮುಗಿದು ಹಸಿರು ಕಣಿವೆಗಳು, ಆಮೇಲೆ ಇದ್ದಕ್ಕಿದ್ದಂತೆ ಔಷಧದ ವಾಸನೆಯ ಮರಗಳ ತೋಪು.

ಮೂರನೇ ದಿನ: ಹುಲ್ಲು

ಆ ಮರಕ್ಕೆ ಕನ್ನಡದಲ್ಲಿ ನಾವು 'ನೀಲಗಿರಿ' ಎಂದೇ ಹೆಸರಿಟ್ಟುಬಿಟ್ಟಿದ್ದೇವೆ. ಆಸ್ಟ್ರೇಲಿಯದಿಂದ ಬಂದ ಮರ ತಾನು ಆಕ್ರಮಿಸಿದ ಬೆಟ್ಟದ ಹೆಸರನ್ನೇ ಪಡೆದುಕೊಂಡಿತು. ಅದರ ಹಿಂದೆಯೇ ಚರ್ಮ ಹದ ಮಾಡುವ ತೊಗಟೆಗೆಂದು ವಾಟಲ್ ಬಂತು, ಪೈನ್ ಬಂತು. ನೆಟ್ಟವರಿಗೆ ಹುಲ್ಲುಗಾವಲು 'ಪಾಳು ಭೂಮಿ'ಯಾಗಿ ಕಂಡಿತ್ತು. ಸರ್ಕಾರಿ ಕಡತಗಳಲ್ಲಿ ಬಹಳ ಕಾಲ ಹಾಗೆಯೇ ಇತ್ತು.

ಅದು ಪಾಳಲ್ಲ ಎಂಬುದಕ್ಕೆ ಸಾಕ್ಷಿ ಇಲ್ಲಿನ ಜೌಗುಗಳಲ್ಲೇ ಇದೆ. ಕಣಿವೆಯ ತಳದಲ್ಲಿ ಸಾವಿರಾರು ವರ್ಷ ಕೊಳೆಯದೆ ಪದರ ಪದರವಾಗಿ ಕೂತ ಕಪ್ಪು ಮಣ್ಣನ್ನು ಸುಕುಮಾರ್ ಮತ್ತು ಸಂಗಡಿಗರು ಬಗೆದು, ಅದರ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಮರದ ಇಂಗಾಲಕ್ಕೂ ಬಿಸಿಲುನಾಡಿನ ಹುಲ್ಲಿನ ಇಂಗಾಲಕ್ಕೂ ಗುರುತು ಬೇರೆ. ಇಪ್ಪತ್ತು ಸಾವಿರ ವರ್ಷಗಳ ಉದ್ದಕ್ಕೂ, ಕಾಲ ಒಣಗಿದಾಗ ಹುಲ್ಲು ಹರಡಿದೆ, ಮಳೆ ಹೆಚ್ಚಿದಾಗ ಕಣಿವೆಗಳಲ್ಲಿ ಒತ್ತಾಗಿ ಬೆಳೆಯುವ ಶೋಲಾ ಕಾಡು ಹರಡಿದೆ. ಮನುಷ್ಯ ಇಲ್ಲಿ ಮರ ಕಡಿದು ಹುಲ್ಲು ಮಾಡಿದ್ದಲ್ಲ. ಹವಾಮಾನ ಬದಲಾದಾಗಲೆಲ್ಲ ಈ ಎರಡೂ ಪರಸ್ಪರ ಜಾಗ ಬಿಟ್ಟುಕೊಟ್ಟು ಹೊಂದಿಕೊಂಡಿವೆ. ಈ ಸಲ ಮೂರನೆಯವರು ಬಂದು ನಡುವೆ ಕೂತಿದ್ದಾರೆ. ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಿನಲ್ಲಿ 1973ರಿಂದ 2017ರೊಳಗೆ ಶೇ. 23ರಷ್ಟನ್ನು ಹೊರಗಿನ ಮರಗಳು ನುಂಗಿವೆ ಎಂದು ಉಪಗ್ರಹ ಚಿತ್ರಗಳು ತೋರಿಸಿವೆ.

ಬೆಳಿಗ್ಗೆ ಆರಕ್ಕೇ ಒಂದು ಇಳಿಜಾರಿಗೆ ಹೋದೆವು. ಹುಲ್ಲಿನ ತುದಿಯಲ್ಲಿ ಮಂಜಿನ ಹನಿ. "ಜನವರಿಯಲ್ಲಿ ಬಂದಿದ್ದರೆ ಇದೇ ಹನಿ ಗಾಜಿನ ಚೂರಿನಂತೆ ಹೆಪ್ಪುಗಟ್ಟಿರುತ್ತಿತ್ತು, ಕಾಲಿಟ್ಟರೆ ಸದ್ದಾಗುತ್ತಿತ್ತು," ಎಂದ ಗೆಳೆಯ. ಇಲ್ಲಿ ಎಲ್ಲವೂ ಆ ಹೆಪ್ಪಿನ ಮೇಲೆ ನಿಂತಿದೆ. ಶೋಲಾದ ಮರದ ಸಸಿ ಬಯಲಿನ ಹೆಪ್ಪಿಗೆ ಸುಟ್ಟು ಸಾಯುತ್ತದೆ. ಹಾಗಾಗಿಯೇ ಕಾಡು ಕಣಿವೆಯ ಮಡಿಲಲ್ಲಿ, ಹುಲ್ಲು ಗುಡ್ಡದ ಮೈಮೇಲೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಅತುಲ್ ಜೋಶಿ, ಜಯಶ್ರೀ ರತ್ನಂ, ಮಹೇಶ್ ಶಂಕರನ್ ಇಲ್ಲಿ ಸಸಿಗಳನ್ನು ನೆಟ್ಟು ಪರೀಕ್ಷಿಸಿದ್ದರು. ಸ್ಥಳೀಯ ಸಸಿಗಳು ಚಳಿಗಾಲ ದಾಟಲು ಕಷ್ಟಪಟ್ಟವು, ವಾಟಲ್ ಬದುಕಿತು. ಇರುಳು ಬೆಚ್ಚಗಾದಂತೆಲ್ಲ ಈ ಕಾವಲು ಸಡಿಲವಾಗುತ್ತದೆ. ಹಗಲಿನ ಸೆಖೆಯ ಬಗ್ಗೆಯೇ ನಾವು ಮಾತಾಡುತ್ತೇವೆ. ಈ ಬೆಟ್ಟದ ಹಣೆಬರಹ ಬರೆಯುತ್ತಿರುವುದು ಜನವರಿಯ ರಾತ್ರಿಗಳು.

ಗೆಳೆಯನ ಐದು ಮಾಪಕಗಳಲ್ಲಿ ನಾಲ್ಕು ಸಿಕ್ಕವು. ಐದನೆಯದರ ಡಬ್ಬಿಯನ್ನು ಕಾಟಿ ತುಳಿದು ಮಣ್ಣಿಗೆ ಸೇರಿಸಿತ್ತು. ಒಂದು ವರ್ಷದ ದಾಖಲೆ ಹೋಯಿತೆಂದು ಅವನು ಸುಮಾರು ಹೊತ್ತು ಆ ಚೂರುಗಳನ್ನು ಹಿಡಿದು ಕೂತಿದ್ದ.

ಮಧ್ಯಾಹ್ನ ನೋಡಿದ್ದು ಹುಲ್ಲನ್ನು ಮರಳಿ ತರುವ ಕೆಲಸ. ಗಿಡ ನೆಡುವುದು ಎಲ್ಲರಿಗೂ ಗೊತ್ತು, ಹುಲ್ಲು ನೆಡುವುದು ನೋಡಿದ್ದು ನಾನು ಇದೇ ಮೊದಲು. ಎಳೆಯ ವಾಟಲನ್ನು ಬೇರುಸಹಿತ ಕಿತ್ತ ಜಾಗದಲ್ಲಿ, ಒಳ್ಳೆಯ ಹುಲ್ಲುಗಾವಲಿನಿಂದ ತಂದ ಹುಲ್ಲಿನ ಬುಡಗಳನ್ನು ಸೀಳಿ, ನರ್ಸರಿಯಲ್ಲಿ ಹೆಚ್ಚಿಸಿ, ಮಳೆಗಾಲಕ್ಕೆ ಒಂದೊಂದಾಗಿ ಊರುತ್ತಾರೆ. ವಾಟಲ್ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದು ಮಲಗಿರುತ್ತದೆ, ಮೇಲಿನ ಮರ ಕಡಿದು ಬಿಸಿಲು ಬಿದ್ದೊಡನೆ ಸಾವಿರಗಟ್ಟಲೆ ಮೊಳೆಯುತ್ತದೆ. ಆದ್ದರಿಂದ ಕಡಿಯುವುದೇ ಕೆಲಸವಲ್ಲ. ಹಳೆಯ ವಾಟಲ್ ತೋಪುಗಳ ನೆರಳಿನಲ್ಲಿ ಕೆಲವು ಕಡೆ ಶೋಲಾದ ಸಸಿಗಳು ಎದ್ದಿವೆ. ಅಂಥ ಕಡೆ ತೋಪನ್ನು ಮುಟ್ಟದೆ ಬಿಟ್ಟರೆ ಕಾಡೇ ನಿಧಾನವಾಗಿ ಜಾಗ ವಶಪಡಿಸಿಕೊಳ್ಳುತ್ತದೆ. ಮೊದಲು ಉಳಿಸಬೇಕಾದದ್ದು ಇನ್ನೂ ಹಾಳಾಗದ ಹುಲ್ಲಿನ ಅಂಚುಗಳನ್ನು, ಅಲ್ಲಿಗೆ ಕಾಲಿಡುತ್ತಿರುವ ಎಳೆಯ ವಾಟಲನ್ನು ಕೀಳುವುದರ ಮೂಲಕ. 2022ರಲ್ಲಿ ತಮಿಳುನಾಡು ಸರ್ಕಾರ ಆಕ್ರಮಣಕಾರಿ ಸಸ್ಯಗಳ ಬಗ್ಗೆ ಒಂದು ನೀತಿಯನ್ನೇ ಹೊರಡಿಸಿದೆ. ಅದು ಎಕರೆ ಲೆಕ್ಕದ ಕಡಿತವಾಗಿ ಮುಗಿಯದೆ ಈ ತಾಳ್ಮೆಯ ಕೆಲಸವಾಗಲಿ ಎಂದು ನನ್ನಾಸೆ.

ಕೆಳಗೆ ಬಯಲಿನಲ್ಲಿರುವವರಿಗೂ ಇದು ನೀರಿನ ಪ್ರಶ್ನೆ. ಗ್ಲೆನ್‌ಮಾರ್ಗನ್ ಬಳಿ ಅಕ್ಕಪಕ್ಕದ ಎರಡು ಕಣಿವೆಗಳನ್ನು ಹೋಲಿಸಿ ಅಳೆದಾಗ, ನೀಲಗಿರಿ ಮರ ನೆಟ್ಟ ಕಣಿವೆಯಿಂದ ಹರಿಯುವ ನೀರು ಮೊದಲ ಹತ್ತು ವರ್ಷದಲ್ಲೇ ಶೇ. 16ರಷ್ಟು ಇಳಿದಿತ್ತು. ಇದೇ ಬೆಟ್ಟದ ಅವಲಾಂಚಿಯಲ್ಲಿ 2019ರ ಆಗಸ್ಟಿನಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು, ಗುಡ್ಡಗಳು ಜಾರಿದವು. ಸುರಿಯುವುದು ಹೀಗೆ, ಬತ್ತುವುದು ಹಾಗೆ ಎಂದಾದ ಕಾಲಕ್ಕೆ ನೀರನ್ನು ಹಿಡಿದಿಟ್ಟು ತಡೆತಡೆದು ಬಿಡುವ ಹುಲ್ಲಿನ ಮಣ್ಣು ಬೇಕು, ಜೌಗು ಬೇಕು. ತೋಡರು ತಮ್ಮ ಗುಡಿಗಳಿಗೆ ಹೊದಿಸುವ ವಿಶೇಷ ಹುಲ್ಲು ಬೆಳೆಯುವುದೂ ಅಂಥ ಜೌಗಿನಲ್ಲೇ. ಅದು ಈಗ ಹುಡುಕಿದರೂ ಸಿಗದಷ್ಟು ಅಪರೂಪ.

ವಾಪಸಾಗುವಾಗ ಶೋಲಾದ ಅಂಚಿನ ಪೊದೆಯಿಂದ ಒಂದು ಹಕ್ಕಿಯ ಸಿಳ್ಳೆ. ಗೆಳೆಯ ಕೈ ಹಿಡಿದು ನಿಲ್ಲಿಸಿದ. ನೀಲಗಿರಿ ಶೋಲಾಕಿಳಿ. ಕಡುನೀಲಿ ಬೆನ್ನು, ತುಕ್ಕು ಬಣ್ಣದ ಪಕ್ಕೆ. ನೆಲದ ತರಗೆಲೆಯಲ್ಲಿ ಹುಳ ಕೆದಕುತ್ತಾ, ಬಯಲಿಗೆ ಬಾರದೆ, ನಮ್ಮನ್ನು ನೋಡಿ ಒಳಗೆ ಸರಿಯಿತು.

ನಾಲ್ಕನೇ ದಿನ: ಪಾಲಕ್ಕಾಡ್ ಕಂಡಿ

ಇಡೀ ದಿನ ಇಳಿಯುವುದು, ಬಯಲು ದಾಟುವುದು. ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವಾಗ ಬಲಗಡೆ ನೋಡಿದರೆ ಘಟ್ಟವೇ ಇಲ್ಲ. ಮೂವತ್ತು-ನಲವತ್ತು ಕಿಲೋಮೀಟರ್ ಅಗಲಕ್ಕೆ ಬೆಟ್ಟಸಾಲು ಕಡಿದುಹೋಗಿದೆ. ಅಲ್ಲಿಂದ ಬೀಸುವ ಬಿಸಿಗಾಳಿಯಲ್ಲಿ ನಿನ್ನೆಯ ಹಕ್ಕಿ ಒಂದು ಗಂಟೆಯೂ ತಾಳದು. ಈ ಕಂಡಿಯ ಉತ್ತರಕ್ಕೆ ನೀಲಗಿರಿ ಶೋಲಾಕಿಳಿ, ದಕ್ಷಿಣಕ್ಕೆ ಬಿಳಿಹೊಟ್ಟೆಯ ಶೋಲಾಕಿಳಿ. ಲಕ್ಷಾಂತರ ವರ್ಷ ಪರಸ್ಪರ ದಾಟಲಾಗದೆ ಎರಡು ಬೇರೆ ಜಾತಿಗಳೇ ಆಗಿವೆ. ವಿ.ವಿ. ರಾಬಿನ್ ಮತ್ತು ಸಂಗಡಿಗರು ಇವುಗಳ ವಂಶವಾಹಿ ಜಾಲಾಡಿ 2017ರಲ್ಲಿ ಇವಕ್ಕೆಂದೇ ಹೊಸ ಕುಲದ ಹೆಸರಿಟ್ಟರು. ಸಮುದ್ರದ ನಡುವಿನ ದ್ವೀಪಗಳಂತೆ ಇವು ಆಕಾಶದ ದ್ವೀಪಗಳು. ಪಕ್ಕದ ದ್ವೀಪಕ್ಕೆ ಹೋಗುವ ದೋಣಿಯಿಲ್ಲ. ಮೇಲಕ್ಕೆ ಹೋಗಬಹುದು, ಮೇಲೆ ಜಾಗ ಇರುವವರೆಗೆ.

ಗಾಡಿಯ ಗಾಜು ಏರಿಸಿಕೊಂಡು ಸುಮ್ಮನೆ ಕೂತಿದ್ದೆವು.

ಐದು ಮತ್ತು ಆರನೇ ದಿನ: ವಾಲ್ಪಾರೈ

ಆಳಿಯಾರಿನಿಂದ ನಲವತ್ತು ತಿರುವು ಹತ್ತಿದರೆ ವಾಲ್ಪಾರೈ. ಸುಮಾರು 220 ಚದರ ಕಿಲೋಮೀಟರಿನ ಪ್ರಸ್ಥಭೂಮಿ, 1890ರ ದಶಕದಿಂದ ಚಹಾ, ಕಾಫಿ ತೋಟ. ಸುತ್ತ ಆನೈಮಲೈ ಹುಲಿ ಸಂರಕ್ಷಿತ ಪ್ರದೇಶದ ಮಳೆಕಾಡು. ತೋಟದ ನಡುವೆ ಅಲ್ಲೊಂದು ಇಲ್ಲೊಂದು ಕಾಡಿನ ತುಣುಕು ಉಳಿದಿದೆ. ಮೊದಲ ನೋಟಕ್ಕೆ ಅವು ಉಪಯೋಗಕ್ಕೆ ಬಾರದ ಚೂರುಗಳು. ಟಿ.ಆರ್. ಶಂಕರ್ ರಾಮನ್ ಮತ್ತು ದಿವ್ಯಾ ಮುದಪ್ಪ ಅವರಿಗೆ ಹಾಗೆ ಕಾಣಲಿಲ್ಲ. ನೇಚರ್ ಕನ್ಸರ್ವೇಷನ್ ಫೌಂಡೇಶನ್ ಮೂಲಕ ಅವರು ಎರಡು ದಶಕಕ್ಕೂ ಮೇಲ್ಪಟ್ಟು ತೋಟದ ಕಂಪನಿಗಳನ್ನು ಒಪ್ಪಿಸಿ, ಈ ಚೂರುಗಳಿಗೆ ಸ್ಥಳೀಯ ಮರಗಳನ್ನು ಮತ್ತೆ ತರುತ್ತಿದ್ದಾರೆ.

ಅಲ್ಲಿನ ನರ್ಸರಿಯೊಂದರಲ್ಲಿ ಒಂದು ಇಡೀ ಬೆಳಿಗ್ಗೆ ಕಳೆದೆವು. ಸಸಿಗಳ ಉಸ್ತುವಾರಿ ನೋಡುತ್ತಿದ್ದಾಕೆಯನ್ನು 'ಅಕ್ಕಾ' ಎಂದೇ ಕರೆದೆ. ಆ ಪದಕ್ಕೆ ಅನುವಾದ ಬೇಕಿರಲಿಲ್ಲ. ಉಳಿದದ್ದನ್ನು ಗೆಳೆಯ ತಮಿಳಿನಿಂದ ಹೇಳುತ್ತಾ ಹೋದ. ರಸ್ತೆ ಬದಿಯ ದೊಡ್ಡ ಮರಗಳ ಹಣ್ಣು ಡಾಂಬರಿನ ಮೇಲೆ ಬಿದ್ದು ಚಕ್ರಕ್ಕೆ ಸಿಕ್ಕಿ ಹಾಳಾಗುತ್ತವೆ. ಅವನ್ನು ಆಯ್ದು ತರುತ್ತಾರೆ. ಕಾಡಿನೊಳಗಿನ ಬೀಜ ಮುಟ್ಟುವುದಿಲ್ಲ, ಅದು ಕಾಡಿನದು. ಮಳೆಕಾಡಿನ ಬಹುಪಾಲು ಬೀಜಗಳನ್ನು ಭತ್ತ, ರಾಗಿಯಂತೆ ಒಣಗಿಸಿ ಡಬ್ಬಿಯಲ್ಲಿಡಲು ಬರುವುದಿಲ್ಲ, ಒಣಗಿದರೆ ಸತ್ತವು. ತಂದ ಕೆಲವೇ ದಿನದಲ್ಲಿ ಊರಬೇಕು.

"ಒಂದೇ ಮರದ ಬೀಜ ತರಬೇಡಿ ಅಂತ ನಮಗೆ ಹೇಳಿಕೊಟ್ಟಿದ್ದಾರೆ," ಎಂದರು ಅಕ್ಕ. "ಹತ್ತು ತಾಯಿಯ ಮಕ್ಕಳಿದ್ದರೆ ಒಬ್ಬನಾದರೂ ಬಿಸಿಲು ತಡೆದುಕೊಳ್ಳುತ್ತಾನೆ."

ವಂಶವಾಹಿಯ ವೈವಿಧ್ಯದ ಬಗ್ಗೆ ಓದಿದ್ದೆಲ್ಲ ಆ ಒಂದು ಮಾತಿನಲ್ಲಿ ಬಂತು. ಮುಂದೆ ಮಳೆ ಹೇಗೆ ಬರುತ್ತದೋ ಯಾರಿಗೂ ಖಚಿತವಿಲ್ಲದಿರುವಾಗ, ಒಂದೇ ಗೆಲ್ಲುವ ಜಾತಿಯನ್ನು ಆರಿಸಿ ನೆಡುವುದು ಜೂಜು. ಧೂಪ, ರಾಮಪತ್ರೆ, ನೇರಳೆಯ ಬಳಗ, ಸಿಂಗಳೀಕಗಳಿಗೆ ಇಷ್ಟವಾದ ಮುಳ್ಳುಕಾಯಿಯ ಕುಲೇನಿಯಾ ಹೀಗೆ ಹತ್ತಾರು ಜಾತಿಗಳನ್ನು ಒಟ್ಟಿಗೆ ಇಡುವುದು ವಿವೇಕ. ಪಶ್ಚಿಮ ಘಟ್ಟದ ಸಹಜ ಕಾಡುಗಳನ್ನು ತೇಗ, ನೀಲಗಿರಿ ನೆಡುತೋಪುಗಳಿಗೆ ಹೋಲಿಸಿ ಆನಂದ್ ಒಸೂರಿ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದ್ದೂ ಇದನ್ನೇ: ಬರ ಬಂದ ವರ್ಷ ಒಂದೇ ಜಾತಿಯ ತೋಪು ಇಂಗಾಲ ಹೀರುವುದರಲ್ಲಿ ಮುಗ್ಗರಿಸುತ್ತದೆ, ಹಲವು ಜಾತಿಯ ಕಾಡು ಅಷ್ಟಾಗಿ ಏರುಪೇರಾಗುವುದಿಲ್ಲ.

ಮಧ್ಯಾಹ್ನ ಹದಿನೈದು ವರ್ಷದ ಹಿಂದೆ ನೆಟ್ಟ ಒಂದು ಜಾಗಕ್ಕೆ ಹೋದೆವು. ಹೊರಗೆ ಚಹಾದ ಮೇಲೆ ಬಿಸಿಲು ಕುದಿಯುತ್ತಿತ್ತು. ಒಳಗೆ ಹತ್ತು ಹೆಜ್ಜೆ ಇಟ್ಟೊಡನೆ ಬೆವರು ತಣ್ಣಗಾಯಿತು, ಜಿಗಣೆ ಕಾಲಿಗೇರಿತು. ಜಿಗಣೆ ಕಂಡು ನನ್ನ ಗೆಳೆಯನಿಗೆ ಆದ ಸಂತೋಷ ಹೇಳತೀರದು. ನೆಲದಲ್ಲಿ ಪಸೆ ಮರಳಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಏನಿದೆ? ಹಾಗೆಂದು ಎಲ್ಲ ಕಡೆ ನೆಡಬೇಕಾಗಿಯೂ ಇಲ್ಲ. ಹತ್ತಿರದಲ್ಲಿ ಒಳ್ಳೆಯ ಕಾಡಿದ್ದು ಬೀಜ ತರುವ ಹಕ್ಕಿಗಳಿದ್ದರೆ ಕಳೆ ತೆಗೆದು ಕಾದರೂ ಸಾಕು. ಹಾಳಾಗಿರುವುದು ಹೆಚ್ಚು, ಕಾಡು ದೂರ ಎಂದಾದಾಗ ಮಾತ್ರ ಗುದ್ದಲಿ ಹಿಡಿಯಬೇಕು.

ಬೀಜ ಒಯ್ಯುವವರಲ್ಲಿ ಮೊದಲಿಗ ದೊಡ್ಡ ಮಂಗಟ್ಟೆ. ಏಪ್ರಿಲ್ ಅದರ ಗೂಡಿನ ಕಾಲ. ಹೆಣ್ಣು ಮರದ ಪೊಟರೆಯಲ್ಲಿ ಕೂತು ಬಾಗಿಲು ಮೆತ್ತಿಕೊಂಡಿರುತ್ತದೆ, ಗಂಡು ಹಗಲಿಡೀ ಹಣ್ಣು ತಂದು ಕಿಂಡಿಯಲ್ಲಿ ಕೊಡುತ್ತದೆ. ಆರನೇ ದಿನ ಬೆಳಿಗ್ಗೆ ಕಣಿವೆಯ ಮೇಲೆ ರೆಕ್ಕೆಯ ಸದ್ದು ಬಂತು, ಯಾರೋ ದೊಡ್ಡ ಬೀಸಣಿಗೆ ಬೀಸಿದ ಹಾಗೆ. ಚಹಾ ತೋಟದ ನೆತ್ತಿಯ ಮೇಲೆ ಹಾದು, ನಡುವೆ ಉಳಿದಿದ್ದ ಒಂದು ಕಾಡತ್ತಿಯ ಮರದಲ್ಲಿ ಇಳಿದು, ಅಲ್ಲಿಂದ ಎದುರಿನ ಗುಡ್ಡದ ಕಾಡಿಗೆ ಹಾರಿತು. ಆ ಅತ್ತಿ ಮರ ಅಲ್ಲಿರದಿದ್ದರೆ? ಚಹಾಕ್ಕೆ ನೆರಳಿಗೆಂದು ಹೆಚ್ಚಾಗಿ ನೆಟ್ಟಿರುವುದು ಆಸ್ಟ್ರೇಲಿಯದ ಸಿಲ್ವರ್ ಓಕ್. ಅದರಲ್ಲಿ ಮಂಗಟ್ಟೆಗೆ ಹಣ್ಣಿಲ್ಲ. ನೆರಳಿಗೆ ಸ್ಥಳೀಯ ಮರ ಬಿಟ್ಟರೆ ತೋಟವೇ ಕಾಡಿನಿಂದ ಕಾಡಿಗೆ ಹಾಸುಗಲ್ಲಾಗುತ್ತದೆ. ತೋಟ ಇರುವ ಯಾರು ಬೇಕಾದರೂ ಮಾಡಬಹುದಾದ ಕೆಲಸವಿದು.

ಪುದುತೋಟ್ಟಂ ಬಳಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಪಟ್ಟಿಯ ಸೇತುವೆ ಕಟ್ಟಿದ್ದಾರೆ. ನೆಲಕ್ಕಿಳಿದು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದ ಸಿಂಗಳೀಕಗಳಿಗಾಗಿ. ತಾಯೊಂದು ಮರಿಯನ್ನು ಹೊಟ್ಟೆಗಪ್ಪಿಕೊಂಡು ಅದರ ಮೇಲೆ ನಡೆದುಹೋಯಿತು. ಕೆಳಗೆ ಒಂದು ಬಸ್ಸು ಹಾರ್ನ್ ಮಾಡಿತು, ಅದು ತಿರುಗಿಯೂ ನೋಡಲಿಲ್ಲ.

ಆನೆಗೆ ಸೇತುವೆ ಕಟ್ಟಲಾಗದು, ಆದರೆ ದಾರಿ ಬಿಡಬಹುದು. ಅವು ಹೊಳೆ ದಂಡೆಯ ಕಾಡಿನ ಗುಂಟ ತೋಟ ದಾಟುತ್ತವೆ. ಎಂ. ಆನಂದಕುಮಾರ್ ಮತ್ತು ತಂಡ ಆನೆ ಇರುವ ಕಡೆ ಜನರ ಮೊಬೈಲಿಗೆ ಸಂದೇಶ ಹೋಗುವಂತೆ, ಕೆಂಪು ದೀಪ ಹತ್ತುವಂತೆ ಏರ್ಪಾಡು ಮಾಡಿತು. ಆ ಕೆಲಸಕ್ಕೆ 2015ರಲ್ಲಿ ವನ್ಯಜೀವಿ ಸಂರಕ್ಷಕರಿಗೆ ಕೊಡುವ ವಿಟ್ಲಿ ಪ್ರಶಸ್ತಿ ಬಂತು. ಆರನೇ ದಿನದ ಇರುಳು ತಿರುವಿನಾಚೆ ಆ ಕೆಂಪು ದೀಪ ಉರಿಯುತ್ತಿತ್ತು. ತೋಟದ ಕೆಲಸದವರು ಅದನ್ನು ನೋಡಿ ಬೇರೆ ದಾರಿ ಹಿಡಿದರು. ಬರಗಾಲದಲ್ಲಿ ಪ್ರಾಣಿಗಳ ಓಡಾಟ ಬದಲಾಗುತ್ತದೆ, ಮನುಷ್ಯರಿರುವ ಕಡೆಗೇ ಬರುತ್ತವೆ. ಅಂಥ ಹೊತ್ತಿಗೆ ಒಬ್ಬ ಕೂಲಿಯವನೂ ಸಾಯದಂತೆ ನೋಡಿಕೊಳ್ಳದೆ ಆನೆಗೆ ದಾರಿ ಬಿಡಿ ಎಂದು ಯಾರಿಗೆ ಹೇಳಲಿ?

ಏಳನೇ ದಿನ: ಚಿನ್ನಾರ್

ಮತ್ತೆ ಬಯಲಿಗಿಳಿದು ಉಡುಮಲೈಪೇಟೆಯಿಂದ ಮುನ್ನಾರಿನ ರಸ್ತೆ. ಚಿನ್ನಾರ್ ಘಟ್ಟದ ಮಳೆ ನೆರಳಿನ ಕಾಡು, ಮುಳ್ಳು ಮತ್ತು ಕಲ್ಲು. ಹೊಳೆಯ ದಂಡೆಯ ಎತ್ತರದ ಮರಗಳ ಸಾಲಿನಲ್ಲಿ ಮಾತ್ರ ಹಸಿರು, ಅಲ್ಲೇ ಬೂದುಬಣ್ಣದ ದೊಡ್ಡ ಅಳಿಲು. ನೀರಿನ ದಂಡೆಯ ಈ ಹಸಿರು ಪಟ್ಟಿಗಳು ಸೆಖೆಯಲ್ಲಿ ಜೀವಿಗಳ ಆಶ್ರಯ. ಇವನ್ನು ಕಡಿದರೆ ಸುತ್ತಲಿನ ನೂರು ಎಕರೆ ಉಳಿಸಿಯೂ ಫಲವಿಲ್ಲ.

ಇಲ್ಲಿಗೆ ಬಂದದ್ದಕ್ಕೆ ಗೆಳೆಯನ ಕಾರಣ ಬೇರೆ. ನಕ್ಷೆ ಬಿಚ್ಚಿ ತೋರಿಸಿದ. ಚಿನ್ನಾರಿನ ತಳ ಸುಮಾರು 440 ಮೀಟರ್ ಎತ್ತರ. ಅಲ್ಲಿಂದ ಆನೈಮಲೈ, ಇರವಿಕುಲಂ, ಕುರಿಂಜಿಮಲೈ, ಆನೆಮುಡಿ ಶೋಲಾ ಎಂಬ ಸಂರಕ್ಷಿತ ಕಾಡುಗಳು ಒಂದಕ್ಕೊಂದು ಅಂಟಿಕೊಂಡು 2,695 ಮೀಟರಿನ ಆನೆಮುಡಿಯವರೆಗೆ ಏರುತ್ತವೆ. ಮುಳ್ಳುಕಾಡಿನಿಂದ ಶೋಲಾದವರೆಗೆ ಮುರಿಯದ ಏಣಿ. ಏಳು ದಿನದಲ್ಲಿ ನೋಡಿದ ಎಲ್ಲ ಕಡೆಯೂ ಇಂಥ ಏಣಿಯ ಮೆಟ್ಟಿಲು ಮುರಿದದ್ದನ್ನೇ, ಅದನ್ನು ಜೋಡಿಸಲು ಪಡುವ ಪಾಡನ್ನೇ ನೋಡಿದ್ದೆ. ಇಲ್ಲಿ ಅದು ಇಡಿಯಾಗಿದೆ. ಹೊಸದಾಗಿ ಏನನ್ನೂ ನೆಡಬೇಕಿಲ್ಲ, ನಡುವೆ ಏನನ್ನೂ ತಂದು ಕೂರಿಸದಿದ್ದರೆ ಸಾಕು.

ಎಂಟನೇ ದಿನ: ಇರವಿಕುಲಂ

ಫೆಬ್ರವರಿ, ಮಾರ್ಚ್ ಎರಡು ತಿಂಗಳು ಕಾಡಾಡುಗಳಾದ ನೀಲಗಿರಿ ತಾರ್‌ಗಳು ಮರಿ ಹಾಕುವ ಕಾಲವೆಂದು ಉದ್ಯಾನ ಮುಚ್ಚಿದ್ದು, ಆಗಷ್ಟೇ ತೆರೆದಿತ್ತು. ತಮಿಳಿನಲ್ಲಿ ಇವಕ್ಕೆ ವರೈಯಾಡು, ಬಂಡೆಯ ಆಡು ಎಂದು ಹೆಸರು. ಲೋಕದಲ್ಲಿ ಇರುವುದೇ ಎರಡೂವರೆ-ಮೂರು ಸಾವಿರ, ಅದರಲ್ಲಿ ಅತಿ ದೊಡ್ಡ ಹಿಂಡು ಈ 97 ಚದರ ಕಿಲೋಮೀಟರಿನ ಉದ್ಯಾನದಲ್ಲಿ. ಇಲ್ಲಿನ ಹುಲ್ಲು ಚೆನ್ನಾಗಿರುವುದಕ್ಕೆ ಮುದುವಾನ್ ಬುಡಕಟ್ಟಿನ ವಾಚರುಗಳು ಕಾರಣ. ಬೆಂಕಿರೇಖೆ ಬಿಡಿಸಿ, ಸರದಿಯ ಮೇಲೆ ತಣ್ಣಗಿನ ಹೊತ್ತಿನಲ್ಲಿ ಹಳೆಯ ಹುಲ್ಲು ಸುಡುತ್ತಾರೆ. ಮೊದಲ ದಿನ ಬಂಡೀಪುರದ ಹಿರಿಯರು ಹೇಳಿದ ತರಗು ಬೆಂಕಿ ನೆನಪಾಯಿತು.

ರಾಜಮಲೆಯ ಇಳಿಜಾರಿನಲ್ಲಿ ನೀಲಕುರಿಂಜಿಯ ಪೊದೆಗಳು ಬರೀ ಹಸಿರಾಗಿದ್ದವು. 2018ರಲ್ಲಿ ಹೂ ಬಿಟ್ಟಿದ್ದವು, ಇನ್ನು 2030. ಎದುರಿಗೆ ಆನೆಮುಡಿ, ಅರ್ಧ ಮಂಜಿನಲ್ಲಿ. ಅದರ ನೆತ್ತಿಯ ಅಂಗೈಯಗಲ ಜಾಗದಲ್ಲಿ ಮೊದಲು ಸಿಕ್ಕ ಒಂದು ಕಿತ್ತಳೆ-ಕೆಂಪು ಪೊದೆಗಪ್ಪೆಗೆ 2010ರಲ್ಲಿ ಹೆಸರಿಟ್ಟರು. ಅದರ ಬಳಗದಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಳಗಿಂದ ನೇರ ಪುಟಾಣಿ ಕಪ್ಪೆ. ಹೊಂಡದ ನೀರು ಬೇಡ, ಮಂಜಿನ ಪಸೆ ಮಾತ್ರ ಬೇಕು. ಮಂಜು ಇನ್ನೂ ಮೇಲೆ ಸರಿದರೆ ಆ ಕಪ್ಪೆ ಎಲ್ಲಿಗೆ ಹೋದೀತು ಎಂದು ಕೇಳಿದೆ. ಗೆಳೆಯ ಉತ್ತರ ಕೊಡಲಿಲ್ಲ.

ನಾವು ನಿಂತ ಜಾಗದ ಎತ್ತರ ಸುಮಾರು 2,100 ಮೀಟರ್ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಶಿಖರಕ್ಕೆ ಇನ್ನು ಆರುನೂರು ಮೀಟರ್. ಹೊರಡುವಾಗಿನ ಲೆಕ್ಕದಂತೆ ಅದು ನಾಲ್ಕು ಡಿಗ್ರಿಗೂ ತುಸು ಕಡಿಮೆ.

ಹೊಸ ಮಾಪಕದ ಡಬ್ಬಿಯನ್ನು ವಾಚರ್ ಈ ಸಲ ಕಾಟಿ ತುಳಿಯದ ಹಾಗೆ ಬಂಡೆಯ ಸಂದಿಗೆ ಸಿಕ್ಕಿಸಿದರು. ಅಷ್ಟರಲ್ಲಿ ಮೇಲಿನ ಅರೆಯ ಅಂಚಿನಲ್ಲಿ ತಾರ್‌ಗಳು ಕಂಡವು. ಅವರು ಬೆರಳು ಮಡಚಿ ಎಣಿಸತೊಡಗಿದರು, ನಾನು ಬರೆದುಕೊಳ್ಳುತ್ತಾ ಹೋದೆ. ದೊಡ್ಡವು ಒಂಬತ್ತು. ಮರಿ ನಾಲ್ಕು. ಮಂಜು ಬಂದು ಎಲ್ಲ ಮುಚ್ಚಿತು. ಪುಸ್ತಕ ಮಡಚಲು ಹೋದಾಗ ಅವರು ಕೈ ಅಡ್ಡ ಹಿಡಿದು ತಡೆದರು. ಕಾದೆವು. ಮಂಜು ಸ್ವಲ್ಪ ಹರಿದಾಗ ಬಂಡೆಯ ಮರೆಯಿಂದ ಇನ್ನೊಂದು ಮರಿ, ಕಾಲು ನೆಟ್ಟಗೆ ನಿಲ್ಲದಷ್ಟು ಚಿಕ್ಕದು, ತಾಯಿಯ ಹಿಂದೆ ಮೇಲಕ್ಕೆ ಹಾರಿತು.

ನಾಲ್ಕನ್ನು ಹೊಡೆದು ಐದು ಎಂದು ಬರೆದೆ.